ಗೂಟ ಗಟ್ಟಿಯೋ, ನೆಲ ಗಟ್ಟಿಯೋ: ಮ್ಯಾನುಫ್ಯಾಕ್ಚರ್ಡ್ ಮನೆಗಳ ಆಂಕರ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ.

ನೆಲದಲ್ಲಿ ಹೂತ ಗೂಟ ಕೀಳಬೇಕಾದರೆ ಏನು ಮಾಡುತ್ತೀರಿ? ಯಾರೂ ಅದನ್ನು ನೆಟ್ಟಗೆ ಮೇಲಕ್ಕೆ ಎಳೆಯಲು ಹೋಗುವುದಿಲ್ಲ. ಮೊದಲು ಆ ಕಡೆ ಈ ಕಡೆ ಅಲ್ಲಾಡಿಸುತ್ತೇವೆ. ಸುತ್ತಲ ಮಣ್ಣು ಸಡಿಲವಾಗಿ ಸಂದು ಬಿಡುತ್ತದೆ, ಆಮೇಲೆ ಒಂದೇ ಕೈಯಲ್ಲಿ ಎತ್ತಿಬಿಡಬಹುದು. ಹಸು ಕಟ್ಟಿ ಬೆಳೆದವರಿಗೆಲ್ಲ ಇದು ಗೊತ್ತಿರುವ ವಿಷಯ. ಇವತ್ತಿನ ನನ್ನ ಮಾತು ಬಹುಪಾಲು ಇದರ ಸುತ್ತಲೇ ಇದೆ. ಇಲ್ಲಿ ಗೂಟಕ್ಕೆ ಕಟ್ಟಿರುವುದು ಒಂದು ಮನೆಯನ್ನು, ಅದನ್ನು ಎಳೆಯುವುದು ಗಾಳಿ, ಒಳಗೆ ಜನ ಮಲಗಿರುತ್ತಾರೆ. ಅಷ್ಟೇ ವ್ಯತ್ಯಾಸ.

ಅಮೆರಿಕದ ಮ್ಯಾನುಫ್ಯಾಕ್ಚರ್ಡ್ ಹೋಮ್ ನೋಡದೇ ಇರುವವರಿಗಾಗಿ ಬೇಗ ಹೇಳಿಬಿಡುತ್ತೇನೆ. ಈ ಮನೆ ಫ್ಯಾಕ್ಟರಿಯಲ್ಲಿ ಪೂರ್ತಿ ತಯಾರಾಗಿ, ಉಕ್ಕಿನ ಚಾಸಿ ಮೇಲೆ ಕೂತು, ಟ್ರಕ್ಕಿನ ಹಿಂದೆ ರಸ್ತೆಯಲ್ಲಿ ಬರುತ್ತದೆ. ಜಾಗಕ್ಕೆ ಬಂದ ಮೇಲೆ ಅದರ ಕೆಳಗಿನ ಐ-ಬೀಮ್‌ಗಳನ್ನು ಕಾಂಕ್ರೀಟ್ ಬ್ಲಾಕ್‌ಗಳ ಕಂಬದ ಮೇಲೆ ಕೂರಿಸುತ್ತಾರೆ. ಆ ಬ್ಲಾಕ್‌ಗಳನ್ನು ಸಾಮಾನ್ಯವಾಗಿ ಒಂದರ ಮೇಲೊಂದು ಸುಮ್ನೆ ಜೋಡಿಸಿರುತ್ತಾರೆ, ನಡುವೆ ಗಾರೆ ಇರುವುದಿಲ್ಲ. ಮನೆಯ ಭಾರ ಹೊರಲು ಅಷ್ಟು ಸಾಕು. ಆದರೆ ಗಾಳಿ ಪಕ್ಕದಿಂದ ತಳ್ಳುತ್ತದೆ, ಮೇಲಕ್ಕೂ ಎತ್ತುತ್ತದೆ. ಅದನ್ನು ತಡೆಯಲು ಇರುವುದು ಉಕ್ಕಿನ ಪಟ್ಟಿಗಳು, ಅಂದರೆ ಸ್ಟ್ರಾಪ್‌ಗಳು, ಮತ್ತು ಆ ಪಟ್ಟಿಗಳ ಇನ್ನೊಂದು ತುದಿಯನ್ನು ನೆಲದಲ್ಲಿ ಹಿಡಿದುಕೊಳ್ಳುವ ಆಂಕರ್‌ಗಳು.

ಸಾಮಾನ್ಯ ಆಂಕರ್ ಅಂದರೆ ಒಂದು ಕಬ್ಬಿಣದ ಸರಳು, ಬುಡದಲ್ಲಿ ತಿರುಪಿನ ಹಾಗೆ ಸುತ್ತಿದ ಒಂದೋ ಎರಡೋ ಬಿಲ್ಲೆ. ಈ ಬಿಲ್ಲೆಗೆ ಹೆಲಿಕ್ಸ್ ಅನ್ನುತ್ತಾರೆ. ಮೆಷಿನ್ ಹಾಕಿ ತಿರುಗಿಸಿದರೆ ಮಣ್ಣನ್ನು ಕೊರೆದುಕೊಂಡು ಒಳಗೆ ಇಳಿಯುತ್ತದೆ. ತಲೆಯಲ್ಲಿ ಬೋಲ್ಟ್ ಕೂರಿಸುವ ಜಾಗ ಇರುತ್ತದೆ. ಸೀಳು ಇರುವ ಬೋಲ್ಟಿಗೆ ಪಟ್ಟಿಯ ತುದಿ ತೂರಿಸಿ, ನಾಲ್ಕೈದು ಸುತ್ತು ಸುತ್ತಿ ಬಿಗಿ ಮಾಡುತ್ತಾರೆ.

ಈಗ ಅಂಕಿಗೆ ಬರೋಣ. ಅಮೆರಿಕದ ವಸತಿ ಇಲಾಖೆ, ಅಂದರೆ ಎಲ್ಲರೂ 'ಹಡ್' ಅನ್ನುವುದು, ಈ ಮನೆಗಳಿಗೆ ಮಾಡಿದ ಕೋಡ್ 1976ರ ಜೂನ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ಆಂಕರ್ 3,150 ಪೌಂಡ್ ವರ್ಕಿಂಗ್ ಲೋಡ್, ಅಂದರೆ ಬಳಕೆಯಲ್ಲಿ ಹೊರಬೇಕಾದ ಎಳೆತ, ತಡೆಯಬೇಕು. ಅದರ ಮೇಲೆ ಇನ್ನೂ ಅರ್ಧದಷ್ಟು ಬಂದರೂ, ಅಂದರೆ 4,725 ಪೌಂಡ್ ಆದರೂ, ಸೋಲಬಾರದು. ಕೆ.ಜಿ. ಲೆಕ್ಕದಲ್ಲಿ ಸುಮಾರು 1,430 ಮತ್ತು 2,140. ಈ ಕೆಲಸದಲ್ಲಿರುವವರಿಗೆ ಈ ಎರಡು ಅಂಕಿ ಬಾಯಿಪಾಠ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 60 ಅಡಿ ಉದ್ದ, 8 ಅಡಿ ಎತ್ತರದ ಗೋಡೆ. ಗಾಳಿ ಕಡಿಮೆ ಇರುವ ವಲಯಕ್ಕೆ, ಅಂದರೆ ಒಂದನೇ ವಲಯಕ್ಕೆ, ಕೋಡ್ ಹೇಳುವುದು ಚದರ ಅಡಿಗೆ 15 ಪೌಂಡ್ ಅಡ್ಡ ಒತ್ತಡ. 480 ಚದರ ಅಡಿಗೆ 7,200 ಪೌಂಡ್ ಆಯಿತು. ಜೊತೆಗೆ ಚದರ ಅಡಿಗೆ 9 ಪೌಂಡ್ ಮೇಲಕ್ಕೆ ಎತ್ತುವ ಒತ್ತಡ. ಚಾವಣಿಗೆ ಬೀಳುವ ಅಡ್ಡ ಗಾಳಿಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ನೆನಪಿರಲಿ, ಇದು ಚಂಡಮಾರುತದ ಜಾಗ ಅಲ್ಲ, ಮಾಮೂಲಿ ಜಾಗದ ಲೆಕ್ಕ.

ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಬೇರೆ. ಆಂಕರ್ ಕೊಳ್ಳುವವರು, ಹಾಕುವವರು, ಎಷ್ಟೋ ಸಲ ಪರಿಶೀಲನೆಗೆ ಬರುವವರು ಕೂಡ, 4,725 ಪೌಂಡ್ ಅನ್ನುವುದು ಆ ಕಬ್ಬಿಣದ ತಾಕತ್ತು ಅಂದುಕೊಂಡಿರುತ್ತಾರೆ. ಕಬ್ಬಿಣ ಅಷ್ಟನ್ನು ತಡೆಯುತ್ತದೆ, ಅದರಲ್ಲಿ ಅನುಮಾನ ಬೇಡ. ನಾನು ಎಳೆದು ನೋಡಿದ ಆಂಕರ್‌ಗಳಲ್ಲಿ ಸರಳು ತುಂಡಾದದ್ದು ತೀರಾ ಅಪರೂಪ. ಸೋಲುವುದು ಮಣ್ಣು. ಹಾಗಾಗಿ ಆ ಅಂಕಿ ಸೇರುವುದು ಈ ಆಂಕರ್, ಈ ಮಣ್ಣು, ಈ ಆಳ, ಈ ಎಳೆತದ ಕೋನ, ಇಷ್ಟೂ ಕೂಡಿದ ಒಂದು ಜೋಡಣೆಗೆ. ಒಂದು ಬದಲಾದರೂ ಅಂಕಿ ಬದಲಾಗುತ್ತದೆ. ಕೋಡ್ ಕೂಡ ಇದನ್ನೇ ಹೇಳುತ್ತದೆ. ಯಾವ ವರ್ಗದ ಮಣ್ಣಿಗೆ, ಯಾವ ಕೋನಕ್ಕೆ ಅಂತ ನಮೂದಿಸಿಯೇ ಆಂಕರ್‌ಗೆ ಸರ್ಟಿಫಿಕೇಟ್ ಕೊಡಬೇಕು.

ಒಂದು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ನಾನು ಮೊದಲ ಸಲ ನಿಂತು ನೋಡಿದ್ದು ಸಡಿಲ ಮರಳಿನಲ್ಲಿ, ಅದೂ ಪ್ಲೇಟ್ ಇಲ್ಲದ ಆಂಕರ್ (ಪ್ಲೇಟ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ). ತಲೆಗೆ ಪಟ್ಟಿ ಕಟ್ಟಿ, 45 ಡಿಗ್ರಿ ಓರೆಯಲ್ಲಿ ಹೈಡ್ರಾಲಿಕ್ ಜ್ಯಾಕ್‌ನಿಂದ ಎಳೆಯಲು ಶುರು ಮಾಡಿದೆವು. ನಡುವೆ ಲೋಡ್ ಸೆಲ್ ಇತ್ತು, ಎಷ್ಟು ಪೌಂಡ್ ಅಂತ ತೋರಿಸುತ್ತದೆ. ತಲೆ ಎಷ್ಟು ಸರಿಯಿತು ಅಂತ ಅಳೆಯಲು ಎರಡು ಗೇಜ್, ಒಂದು ಮೇಲಕ್ಕೆ, ಒಂದು ಅಡ್ಡಕ್ಕೆ. ಮೊದಲಿಗೆ ಏನೂ ಆಗದ ಹಾಗೆ ಕಂಡಿತು. ಆಮೇಲೆ ಸರಳಿನ ಹಿಂಬದಿ ಮರಳಿನಲ್ಲಿ ಉಗುರಿನ ಆಕಾರದ ಒಂದು ಬಿರುಕು, ಮುಂಬದಿ ಸಣ್ಣ ಉಬ್ಬು. ಪಂಪ್ ಹೊಡೆಯುವುದು ನಿಲ್ಲಿಸಿದರೆ ಲೋಡ್ ಸೆಲ್ಲಿನ ಅಂಕಿ ತಾನಾಗಿ ಕೆಳಗಿಳಿಯುತ್ತಿತ್ತು, ಯಾಕೆಂದರೆ ಮಣ್ಣು ಒಳಗೊಳಗೇ ಜಾಗ ಬಿಡುತ್ತಿತ್ತು. ಮತ್ತೆ ಪಂಪ್ ಹೊಡೆದೆವು. ಸರಳು ತಂತಿ ಬೆಣ್ಣೆ ಕೊಯ್ಯುವ ಹಾಗೆ ಮರಳನ್ನು ಕೊಯ್ದುಕೊಂಡು ಪಕ್ಕಕ್ಕೆ ಬಂತು. ಬೇಕಾದ ಲೋಡಿನ ಅರ್ಧ ದಾರಿಯೂ ಆಗಿರಲಿಲ್ಲ, ಗೇಜ್ ಮಾತ್ರ ಮೂರು ಇಂಚು ದಾಟಿತ್ತು. ಹೆಲಿಕ್ಸ್ ಇದ್ದಲ್ಲೇ ಇತ್ತು. ಸರಳಿನ ಮೇಲ್ಭಾಗ ಮಾತ್ರ ಬಾಗಿ ನಿಂತಿತ್ತು.

ಇದು ಯಾಕೆ ಹೀಗೆ? 45 ಡಿಗ್ರಿಯಲ್ಲಿ 4,725 ಪೌಂಡ್ ಎಳೆದರೆ ಅದರಲ್ಲಿ ಸುಮಾರು 3,340 ಮೇಲಕ್ಕೆ, ಅಷ್ಟೇ ಅಡ್ಡಕ್ಕೆ. ಮೇಲಕ್ಕೆ ಎಳೆಯುವುದನ್ನು ಆಳದಲ್ಲಿರುವ ಹೆಲಿಕ್ಸ್ ನೋಡಿಕೊಳ್ಳುತ್ತದೆ, ಅದರ ಮೇಲೆ ಮಣ್ಣಿನ ದೊಡ್ಡ ರಾಶಿಯೇ ಇದೆ. ಅಡ್ಡಕ್ಕೆ ಎಳೆಯುವುದನ್ನು ತಡೆಯಬೇಕಾದ್ದು ನೆಲದ ಮೇಲ್ಪದರ. ಎಲ್ಲಕ್ಕಿಂತ ಸಡಿಲ ಇರುವುದು ಅದೇ, ಅದಕ್ಕೆ ಎದುರಾಗಿ ನಿಂತಿರುವುದು ಬೆರಳು ದಪ್ಪದ ಸರಳು. ಹೇಗೆ ತಡೆದೀತು? ಅದಕ್ಕೇ ಸ್ಟೆಬಿಲೈಜರ್ ಪ್ಲೇಟ್ ಇರುವುದು. ಆಂಕರ್ ಪೂರ್ತಿ ಇಳಿಯುವ ಮುಂಚೆ, ಸರಳಿಗೂ ಮನೆಗೂ ನಡುವೆ ಅಗಲವಾದ ಒಂದು ತಗಡನ್ನು ನೆಲಕ್ಕೆ ಹೊಡೆಯುತ್ತಾರೆ. ಎಳೆದಾಗ ಸರಳು ಪ್ಲೇಟಿಗೆ ಒರಗುತ್ತದೆ, ಪ್ಲೇಟ್ ಅಗಲದಷ್ಟು ಮಣ್ಣು ಎದುರು ನಿಲ್ಲುತ್ತದೆ. ಅದೇ ಮರಳು, ಅದೇ ಆಂಕರ್, ಪ್ಲೇಟ್ ಸೇರಿಸಿ ಎಳೆದಾಗ ಫಲಿತಾಂಶ ಬೇರೆಯೇ ಆಗುತ್ತದೆ. ಆದರೆ ಸರಳಿಗೂ ಪ್ಲೇಟಿಗೂ ನಡುವೆ ಒಂದು ಇಂಚು ಸಂದು ಬಿಟ್ಟರೆ, ಆ ಒಂದು ಇಂಚು ಮೊದಲೇ ಕಳೆದುಕೊಂಡ ಹಾಗೆ. ಆ ತಗಡು ಸಣ್ಣ ಸಾಮಾನು, ಅದನ್ನೇ ಬಿಟ್ಟು ಕೆಲಸ ಮುಗಿಸಿ ಹೋಗಿರುವುದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ.

ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಸರಿ, ಸರಿದರೆ ಸರಿಯಲಿ, ಕೊನೆಗೆ 4,725 ಮುಟ್ಟಿತಲ್ಲ, ಪಾಸ್ ಅಲ್ವಾ? ಅಲ್ಲ. ತಲೆ ಮೇಲಕ್ಕೆ 2 ಇಂಚು ಅಥವಾ ಅಡ್ಡಕ್ಕೆ 3 ಇಂಚು ಸರಿದರೆ ಅಲ್ಲಿಗೇ ಫೇಲ್ ಅಂತ ಎಣಿಸಬೇಕು, ಆಂಕರ್ ಇನ್ನೂ ಲೋಡ್ ಹೊರುತ್ತಿದ್ದರೂ ಸರಿ. ಮನೆ ಕೂತಿರುವುದು ಗಾರೆ ಇಲ್ಲದ ಬ್ಲಾಕ್‌ಗಳ ಮೇಲೆ ಅಂದೆನಲ್ಲ. ಮನೆ ಕೆಲವು ಇಂಚು ಸರಿದರೆ ಆ ಕಂಬಗಳು ಓರೆಯಾಗುತ್ತವೆ, ಒಂದು ಬಿದ್ದರೆ ಪಕ್ಕದ್ದರ ಮೇಲೆ ಭಾರ, ಆಮೇಲೆ ಚಾಸಿಯೇ ನೆಲಕ್ಕೆ ಬಡಿಯುತ್ತದೆ. ಆಂಕರ್ ಕಿತ್ತು ಬರದೇ ಇದ್ದರೂ ಮನೆ ಹೋಯಿತು. ಇನ್ನೊಂದು ವಿಷಯ. ಗಾಳಿ ಒಂದೇ ಸಮನೆ ಎಳೆಯುವುದಿಲ್ಲ, ಬೀಸಿ ಬೀಸಿ ಬಿಡುತ್ತದೆ. ಮೊದಲ ಬೀಸಿಗೆ ಒಂದು ಇಂಚು ಸರಿದರೆ ಪಟ್ಟಿ ಸಡಿಲವಾಯಿತು, ಮುಂದಿನ ಬೀಸಿಗೆ ಮನೆ ಆ ಸಡಿಲದಷ್ಟು ಓಡಿಬಂದು ಜಗ್ಗುತ್ತದೆ. ಶುರುವಿನಲ್ಲಿ ಹೇಳಿದ ಗೂಟ ಅಲ್ಲಾಡಿಸುವ ಕಥೆ ಇದೇ. ನಮ್ಮ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದೇ ಸಲ, ನಿಧಾನಕ್ಕೆ ಎಳೆಯುತ್ತೇವೆ. ಅದಕ್ಕೇ ಸರಿದಾಟದ ಮಿತಿಯನ್ನು ಕಟ್ಟುನಿಟ್ಟಾಗಿ ಹಿಡಿಯಬೇಕು ಅನ್ನುವುದು ನನ್ನ ವಾದ.

1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ದಕ್ಷಿಣ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ ಹೋಮ್‌ಸ್ಟೆಡ್ ಸುತ್ತಮುತ್ತ ಇಂಥ ಮನೆಗಳ ಬಡಾವಣೆಗಳೇ ನೆಲಸಮವಾದವು. ಅದರ ನಂತರ, 1994ರಲ್ಲಿ, ಹಡ್ ಗಾಳಿಯ ನಿಯಮಗಳನ್ನು ಬಿಗಿ ಮಾಡಿತು. ಎರಡನೇ ವಲಯಕ್ಕೆ ಗಂಟೆಗೆ 100 ಮೈಲಿ, ಮೂರನೇ ವಲಯಕ್ಕೆ 110 ಮೈಲಿ ಗಾಳಿಯ ಲೆಕ್ಕ. 2004ರ ಆಗಸ್ಟ್‌ನಲ್ಲಿ ಚಾರ್ಲಿ ಚಂಡಮಾರುತ ಬಂದಾಗ ಈ ಹೊಸ ನಿಯಮದಲ್ಲಿ ಕಟ್ಟಿದ ಮನೆಗಳು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು. ಅಂದರೆ ಕಷ್ಟಪಟ್ಟರೆ ಫಲ ಇದೆ. ಆದರೆ ಗೋಡೆ, ಚಾವಣಿ ಗಟ್ಟಿಯಾದಷ್ಟೂ ಗಾಳಿಯ ಜಗ್ಗಾಟವೆಲ್ಲ ಪಟ್ಟಿಯ ಮೂಲಕ ಆಂಕರ್‌ಗೇ ಬರುತ್ತದೆ, ಇದನ್ನು ಮರೆಯಬಾರದು.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ಜಾಗದಲ್ಲಿ ಮಣ್ಣು ಎಂಥದ್ದು ಅಂತ ತಿಳಿಯಲು ಟಾರ್ಕ್ ಪ್ರೋಬ್ ಅಂತ ಒಂದು ಸಾಧನ ಇದೆ. ಉದ್ದದ ಸರಳು, ತುದಿಯಲ್ಲಿ ಪುಟ್ಟ ಹೆಲಿಕ್ಸ್. ಅದನ್ನು ನೆಲಕ್ಕೆ ಇಳಿಸಿ, ಟಾರ್ಕ್ ರೆಂಚ್‌ನಲ್ಲಿ ತಿರುಗಿಸಿ, ಎಷ್ಟು ಬಿಗಿ ಇದೆ ಅಂತ ಇಂಚ್-ಪೌಂಡ್‌ನಲ್ಲಿ ಓದುತ್ತಾರೆ. 550ಕ್ಕಿಂತ ಜಾಸ್ತಿ ಬಂದರೆ ಎರಡನೇ ವರ್ಗದ ತುಂಬಾ ಗಟ್ಟಿ ಮಣ್ಣು. 351ರಿಂದ 550 ಮೂರನೇ ವರ್ಗ. 276ರಿಂದ 350 ಇದ್ದರೆ 4ಎ, 175ರಿಂದ 275 ಇದ್ದರೆ 4ಬಿ. 175ಕ್ಕಿಂತ ಕಡಿಮೆ ಅಂದರೆ ಐದನೇ ವರ್ಗ, ಕೊಳೆತ ಎಲೆ ಸೇರಿದ ಮಣ್ಣು, ತುಳಿಯದೆ ಸುರಿದ ಭರ್ತಿ ಮಣ್ಣು, ಇಂಥವು. ಅಲ್ಲಿ ಮಾಮೂಲಿ ಆಂಕರ್ ಹಾಕಿ ಹೋಗುವಂತಿಲ್ಲ, ಇಂಜಿನಿಯರ್ ಬಂದು ನೋಡಲೇಬೇಕು. ಮೊದಲನೇ ವರ್ಗ ಬಂಡೆ, ಅದಕ್ಕೆ ಆಂಕರ್‌ಗಳೇ ಬೇರೆ.

ಪ್ರೋಬ್ ಓದುವಾಗ ಆಗುವ ತಪ್ಪು ಒಂದೇ, ಆದರೆ ದೊಡ್ಡದು. ಹೆಲಿಕ್ಸ್ ಯಾವ ಆಳದಲ್ಲಿ ಕೂರುತ್ತದೋ ಆ ಆಳದಲ್ಲಿ ಓದಬೇಕು. ಒಂದು ಅಡಿ ಇಳಿಸಿ, ಆಹಾ ಗಟ್ಟಿ ಇದೆ ಅಂತ ಬರೆದುಕೊಂಡು, ನಾಲ್ಕು ಅಡಿಯ ಆಂಕರ್ ಹಾಕಿದರೆ ಆ ಓದಿಗೆ ಅರ್ಥ ಇಲ್ಲ.

ಪರೀಕ್ಷೆ ಮಾಡುವವರೂ ಗೊತ್ತಿಲ್ಲದೆ ಮೋಸ ಹೋಗುವ ಎರಡು ಜಾಗ ಇವೆ. ಎಳೆಯುವ ಚೌಕಟ್ಟಿನ ಕಾಲುಗಳು ಆಂಕರ್ ಹತ್ತಿರವೇ ನೆಲ ಒತ್ತುತ್ತಿದ್ದರೆ, ಆ ಒತ್ತು ಮಣ್ಣನ್ನು ಬಿಗಿ ಮಾಡಿ ಆಂಕರನ್ನು ಹಿಡಿದುಕೊಳ್ಳುತ್ತದೆ. ನಿಜವಾದ ಮನೆಯ ಕೆಳಗೆ ಆ ಸಹಾಯ ಸಿಗುವುದಿಲ್ಲ. ಇನ್ನೊಂದು, ಗೇಜ್ ಕೂರಿಸಿದ ಅಡ್ಡಪಟ್ಟಿ. ಅದರ ಕಾಲು ಉಬ್ಬುವ ಮಣ್ಣಿನ ಮೇಲೆ ಇದ್ದರೆ ಗೇಜ್ ಕೂಡ ಆಂಕರ್ ಜೊತೆ ಸರಿಯುತ್ತದೆ, ಎರಡು ಇಂಚು ಸರಿದದ್ದು ಒಂದು ಇಂಚು ಅಂತ ಕಾಣುತ್ತದೆ. ಎರಡನ್ನೂ ದೂರ ಇಡಿ. ಹತ್ತಾರು ನಿಮಿಷದ ಕೆಲಸ ಜಾಸ್ತಿ, ಅಷ್ಟೇ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಅಂಟಿಕೊಂಡಿರುವುದು ನೀರು. ಒಂದು ಸಲ ಒಂದು ವರದಿ ನೋಡಲು ನನಗೆ ಕೊಟ್ಟರು. ಜೇಡಿ ಮಣ್ಣು, ಒಣ ಕಾಲ, ಅಂಕಿಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮಣ್ಣಿನ ತೇವಾಂಶ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಕೇಳಿದೆ. ಅದು ಫಾರ್ಮ್‌ನಲ್ಲಿ ಇಲ್ಲ ಸರ್ ಅಂದರು. ಒಣಗಿದ ಜೇಡಿ ಮಣ್ಣು ಇಟ್ಟಿಗೆಯ ಹಾಗೆ ಇರುತ್ತದೆ, ಅಲ್ಲಿ ಯಾವ ಆಂಕರ್ ಆದರೂ ಪಾಸಾಗುತ್ತದೆ. ಅದೇ ಮಣ್ಣು ಎರಡು ದಿನ ಮಳೆ ಕುಡಿದರೆ ಕೈಯಲ್ಲಿ ಮುದ್ದೆ ಕಟ್ಟಬಹುದು. ಚಂಡಮಾರುತ ಒಣಗಾಳಿ ತರುವುದಿಲ್ಲ, ಮಳೆಯನ್ನು ಹೊತ್ತುಕೊಂಡೇ ಬರುತ್ತದೆ. ಗಾಳಿ ಅತಿ ಜೋರಾಗುವ ಹೊತ್ತಿಗೆ ಮೇಲಿನ ಮಣ್ಣು ಪೂರ್ತಿ ನೆನೆದಿರುತ್ತದೆ. ಮರಳಿನಲ್ಲೂ ಇದೇ ಸಮಸ್ಯೆ, ಬೇರೆ ದಾರಿಯಲ್ಲಿ. ಅಂತರ್ಜಲ ಮೇಲೇರಿದರೆ ಹೆಲಿಕ್ಸ್ ಮೇಲಿನ ಮರಳು ನೀರಿನಲ್ಲಿ ತೇಲಿದಂತಾಗಿ ಅದರ ಹಿಡಿತದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ನನ್ನ ಒತ್ತಾಯ ಇಷ್ಟು: ಆ ವರ್ಗದ ಮಣ್ಣಿನಲ್ಲಿ ಎಲ್ಲಕ್ಕಿಂತ ದುರ್ಬಲ ಅನ್ನಿಸುವ ಕಡೆ, ನೆನೆದ ಸ್ಥಿತಿಯಲ್ಲಿ ಎಳೆದು ನೋಡಿ. ಒಂದಲ್ಲ, ಹಲವು ಸಲ. ಬಂದ ಅಂಕಿಗಳ ಸರಾಸರಿ ತೆಗೆದು ಖುಷಿಪಡಬೇಡಿ, ಕಡಿಮೆ ಬಂದದ್ದನ್ನು ನೋಡಿ. ಮನೆಯ ಮೂಲೆಯಲ್ಲಿ ಮೊದಲು ಕಿತ್ತು ಬರುವುದು ಸರಾಸರಿ ಆಂಕರ್ ಅಲ್ಲ, ಸೊರಗಿದ ಆಂಕರ್. ಅದು ಹೋದರೆ ಅದರ ಪಾಲು ಪಕ್ಕದ್ದಕ್ಕೆ ಬೀಳುತ್ತದೆ.

ಹಾಕುವವರಿಗೂ ಒಂದು ಮಾತು. ಕಲ್ಲು ಸಿಕ್ಕಿ ಆಂಕರ್ ಕೆಳಗಿಳಿಯದೆ ಇದ್ದಲ್ಲೇ ಗಿರಗಿರ ತಿರುಗಿದರೆ, ಅದು ಮಣ್ಣನ್ನು ಕಡೆಯುತ್ತಿದೆ ಅಂತ ಅರ್ಥ. ಮೇಲೆ ತೆಗೆದು, ಅದೇ ಗುಂಡಿಗೆ ಮತ್ತೆ ಇಳಿಸಬೇಡಿ. ಸ್ವಲ್ಪ ದೂರ ಸರಿದು ಹೊಸ ಜಾಗ ಹುಡುಕಿ. ಗುಂಡಿ ತೋಡಿ ಆಂಕರ್ ನಿಲ್ಲಿಸಿ ಮಣ್ಣು ಮುಚ್ಚುವುದಂತೂ ಬೇಡವೇ ಬೇಡ. ತಿರುಗಿಸಿ ಇಳಿಸುವ ಆಂಕರ್‌ಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಉದ್ದನೆಯ ಸರಳು ಕಷ್ಟ ಅಂತ ಮೇಲಿನ ಅರ್ಧ ಅಡಿ ಹೊರಗೇ ಬಿಟ್ಟು ಪಟ್ಟಿ ಕಟ್ಟುವವರೂ ಇದ್ದಾರೆ. ಅದು ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಮೇಲ್ಮಣ್ಣನ್ನು ಇನ್ನೂ ಸುಲಭವಾಗಿ ಸೀಳುತ್ತದೆ.

ಮಾತು ಸಾಕು. ಹೊರಗೆ ಬಯಲಿನಲ್ಲಿ ನೆನ್ನೆ ಎರಡು ಆಂಕರ್ ಇಳಿಸಿಟ್ಟಿದ್ದೇವೆ, ಒಂದೇ ಅಳತೆಯವು, ಹತ್ತು ಅಡಿ ಅಂತರದಲ್ಲಿ. ಒಂದಕ್ಕೆ ಪ್ಲೇಟ್ ಇದೆ, ಇನ್ನೊಂದಕ್ಕೆ ಇಲ್ಲ. ರಾತ್ರಿ ಚೆನ್ನಾಗಿ ಮಳೆಯೂ ಬಂದಿದೆ. ಮೊದಲು ಪ್ರೋಬ್ ಇಳಿಸಿ ಓದೋಣ, ಆಮೇಲೆ ಎರಡನ್ನೂ ಎಳೆಯೋಣ. ಗೇಜ್ ಓದುವ ಕೆಲಸ ನಿಮ್ಮಲ್ಲೇ ಇಬ್ಬರು ಮಾಡಬೇಕು. ಬೂಟು ಕೆಸರಾದರೂ ಪರವಾಗಿಲ್ಲ ಅನ್ನುವವರು ಮುಂದೆ ಬನ್ನಿ.