ಮೀಟಿಂಗ್ ಎಷ್ಟು ಗಂಟೆಗೆ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ, ಈ ಫ್ಯಾನಿನ ಸದ್ದಿನಲ್ಲಿ ನನ್ನ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಮಾಟುಂಗಕ್ಕೆ ಬಂದು ಕನ್ನಡದಲ್ಲಿ ಮಾತಾಡಿ ಅಂದರೆ ನಾನು ಇಲ್ಲ ಅನ್ನುವವನಲ್ಲ. ಮಾತು ಹೇಗೇ ಇರಲಿ, ಒಳ್ಳೆ ಕಾಫಿ ಅಂತೂ ಗ್ಯಾರಂಟಿ.

‘ವಿದ್ಯಾರ್ಥಿ ನಾಯಕತ್ವ’ ಅಂತ ವಿಷಯ ಕೊಟ್ಟಿದ್ದಾರೆ. ದೊಡ್ಡ ಮಾತು. ನಾನು ಕೇಳಬೇಕೆಂದಿರುವುದು ಮಾತ್ರ ಬಹಳ ಸಣ್ಣದು: ನಿಮ್ಮ ಕಮಿಟಿಯ ಮೀಟಿಂಗ್ ಎಷ್ಟು ಗಂಟೆಗೆ?

ನಾನು ಓದುವಾಗ ಮಹಾರಾಷ್ಟ್ರದಲ್ಲಿ 1994ರ ವಿಶ್ವವಿದ್ಯಾಲಯ ಕಾಯ್ದೆ ಇತ್ತು. ಕಾಲೇಜುಗಳಲ್ಲಿ ನೇರ ಚುನಾವಣೆ ಇರಲಿಲ್ಲ. ಹಿಂದಿನ ವರ್ಷ ಚೆನ್ನಾಗಿ ಮಾರ್ಕ್ಸ್ ತೆಗೆದವರೇ ಆಯಾ ಕ್ಲಾಸಿನ ಪ್ರತಿನಿಧಿ, ಜೊತೆಗೆ ಆಟ, ಎನ್‌ಎಸ್‌ಎಸ್, ಎನ್‌ಸಿಸಿ, ಸಾಂಸ್ಕೃತಿಕ ಅಂತ ಒಬ್ಬೊಬ್ಬರು, ಪ್ರಿನ್ಸಿಪಾಲರು ಆರಿಸಿದ ಇಬ್ಬರು ಹುಡುಗಿಯರು, ಇವರೆಲ್ಲ ಸೇರಿ ತಮ್ಮಲ್ಲೇ ಒಬ್ಬರನ್ನು ಸೆಕ್ರೆಟರಿ ಮಾಡುವುದು. ನಮ್ಮ ಕ್ಲಾಸಿನ ಟಾಪರ್‌ಗೆ ಆ ಹುದ್ದೆ ಬೇಕೇ ಇರಲಿಲ್ಲ. ಪಾಪ, ಮೀಟಿಂಗಿಗೂ ಅಕೌಂಟ್ಸ್ ಪುಸ್ತಕ ತಂದು ಲೆಕ್ಕ ಬಿಡಿಸುತ್ತಿದ್ದ. ಆಮೇಲೆ 2016ರ ಕಾಯ್ದೆ ನೇರ ಚುನಾವಣೆಗೆ ದಾರಿ ಮಾಡಿತು. ಚುನಾವಣೆ ಅಂದರೆ ವಿದ್ಯಾರ್ಥಿ ಚುನಾವಣೆ ಹೇಗಿರಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ ನಿಯಮಗಳು, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು, ಹಾಜರಿ ಕನಿಷ್ಠ ಶೇಕಡಾ 75 ಇರಬೇಕು, ಪ್ರಿಂಟ್ ಮಾಡಿದ ಪೋಸ್ಟರ್ ಹಾಕುವಂತಿಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು. ಈ ಕೊನೆಯದು ನನಗೆ ಬಹಳ ಇಷ್ಟ. ಅಕ್ಷರ ದುಂಡಗಿರುವವನಿಗೆ ಆ ಒಂದು ವಾರ ಚಹಾಕ್ಕೆ ಬರವಿಲ್ಲ.

ಇಷ್ಟೆಲ್ಲ ನಿಯಮ ಇದೆ. ಆದರೆ ಸಂಜೆ ಆರರ ಮೇಲೆ ನೀನು ಕಾಲೇಜಲ್ಲಿ ನಿಲ್ಲಬಲ್ಲೆಯಾ ಅಂತ ಯಾವ ನಿಯಮವೂ ಕೇಳುವುದಿಲ್ಲ. ಮುಂಬೈಯಲ್ಲಿ ಯಾರು ಮುಂದಾಳು ಆಗುತ್ತಾರೆ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗಿ ಹೋಗಿರುತ್ತದೆ.

ನನ್ನದೇ ತಪ್ಪು ಹೇಳುತ್ತೇನೆ. ನಾನು ಸಾಂಸ್ಕೃತಿಕ ಕಮಿಟಿಯಲ್ಲಿದ್ದೆ. ಮನೆ ಸಯಾನ್‌ನಲ್ಲಿ, ಬಸ್ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಹಾಗಾಗಿ ಮೀಟಿಂಗ್ ಸಂಜೆ ಆರಕ್ಕೆ, ಕ್ಯಾಂಟೀನಿನಲ್ಲಿ. ಮೊದಲ ಅರ್ಧ ಗಂಟೆ ಸುಮ್ನೆ ಹರಟೆ, ವಡಾಪಾವ್, ಆಮೇಲೆ ಕೆಲಸ. ಕಲ್ಯಾಣದಿಂದಲೂ ಆಚೆ, ಬದ್ಲಾಪುರದಿಂದ ಲೋಕಲ್ ಟ್ರೈನಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು, 6.20ಕ್ಕೆ ಬ್ಯಾಗ್ ಹೆಗಲಿಗೆ ಹಾಕಿ ಎದ್ದುಬಿಡುತ್ತಿದ್ದಳು. ಕಲ್ಯಾಣದಿಂದ ಆಚೆಗೆ ಗಾಡಿ ಕಡಿಮೆ, ಒಂದು ತಪ್ಪಿದರೆ ಪ್ಲಾಟ್‌ಫಾರಂನಲ್ಲಿ ಕಾಯಬೇಕು, ಮನೆಯಲ್ಲಿ ಬೈಗುಳ ಬೇರೆ. ‘ಇವಳಿಗೆ ಆಸಕ್ತಿ ಇಲ್ಲ’ ಅಂತ ನಾವು ಮಾತಾಡಿಕೊಂಡೆವು. ನಾನೂ ಅಂದೆ.

ಕಾರ್ಯಕ್ರಮ ಮುಗಿದ ಮೇಲೆ ಮಂಟಪದವನ ಬಿಲ್ ಬಂತು, 200 ಕುರ್ಚಿ. ಸಂಜೆಯ ಮೀಟಿಂಗಲ್ಲಿ ಏಳು ಗಂಟೆಗೆ ಒಪ್ಪಿಗೆ ಅಂತ ಎಲ್ಲರೂ ಕೈ ಎತ್ತಿದೆವು, ದುಡ್ಡು ಕೊಟ್ಟೂ ಆಯಿತು. ಮರುದಿನ ಬೆಳಿಗ್ಗೆ ಅವಳು ನೋಟ್‌ಬುಕ್ಕಿನ ಕೊನೆ ಪುಟ ತೆಗೆದು ತೋರಿಸಿದಳು. ಕಾರ್ಯಕ್ರಮದ ದಿನ ಎಲ್ಲರಿಗಿಂತ ಮೊದಲು ಬಂದವಳು ಅವಳೇ, ಟೆಂಪೋದಿಂದ ಇಳಿಸುವಾಗ ಹತ್ತಕ್ಕೊಂದು ಗೀಟು ಹಾಕಿ ಎಣಿಸಿದ್ದಳು. ಹದಿನಾರು ಗೀಟು. 160 ಕುರ್ಚಿ.

‘ನಿನ್ನೆ ಮೀಟಿಂಗಲ್ಲಿ ಹೇಳಬಾರದಿತ್ತಾ?’ ಅಂದೆ.

‘ನೀವು ಲೆಕ್ಕಕ್ಕೆ ಬರುವ ಹೊತ್ತಿಗೆ ನಾನು ಗಾಡಿಯಲ್ಲಿ ಠಾಣೆ ಊರು ದಾಟಿರುತ್ತೇನೆ’ ಅಂದಳು.

ಸಿಟ್ಟಿನಿಂದಲೂ ಹೇಳಲಿಲ್ಲ ನೋಡಿ. ಅದೇ ಜಾಸ್ತಿ ಚುಚ್ಚಿತು. ಮುಂದಿನ ವಾರದಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೀಟಿಂಗ್ ಇಟ್ಟೆವು, ಎರಡು ಗಂಟೆ ಎಳೆಯುತ್ತಿದ್ದದ್ದು ಡಬ್ಬಿ ಖಾಲಿಯಾಗುವಷ್ಟರಲ್ಲಿ ಮುಗಿಯಿತು. ಸಂಜೆ ಬಹಳ ಮಾತಾಡುತ್ತಿದ್ದವರು ಯಾರು ಅಂದರೆ, ಗಾಡಿ ಹಿಡಿಯುವ ತಲೆಬಿಸಿ ಇಲ್ಲದ ನನ್ನಂಥವರೇ!

ದೊಡ್ಡ ಫೆಸ್ಟ್‌ಗಳನ್ನು ನೋಡಿ ನೀವು ಬೇಜಾರು ಮಾಡಿಕೊಳ್ಳಬೇಡಿ. ಐಐಟಿಯ ಮೂಡ್ ಇಂಡಿಗೋ 1971ರಲ್ಲಿ ಶುರುವಾದದ್ದು, ಅಲ್ಲಿನ ಹುಡುಗರು ಹಾಸ್ಟೆಲ್‌ನಲ್ಲೇ ಇರುತ್ತಾರೆ, ರಾತ್ರಿ ಎರಡು ಗಂಟೆಗೂ ಮೀಟಿಂಗ್ ಮಾಡಬಹುದು. ನಮ್ಮದು ಲೋಕಲ್ ಟ್ರೈನಿನ ಕಾಲೇಜು. ಎನ್‌ಎಸ್‌ಎಸ್ ಇದರಲ್ಲಿ ಪರವಾಗಿಲ್ಲ. ವರ್ಷಕ್ಕೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240. ಭಾನುವಾರ ದುಡಿದರೂ ಗಂಟೆ ಗಂಟೆಯೇ. ಏಳು ದಿನದ ಕ್ಯಾಂಪಿಗೆ ಮನೆಯಲ್ಲಿ ಒಪ್ಪಿಸುವುದು ಮಾತ್ರ ಬೇರೆಯೇ ಚುನಾವಣೆ.

ನನ್ನ ದೊಡ್ಡಪ್ಪ ಫೋರ್ಟ್‌ನ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ನಾಟಕದ ಹುಚ್ಚು. ಶಾಲೆ ಬಿಟ್ಟು, ಹೋಟೆಲಿನ ಶಟರ್ ಎಳೆದ ಮೇಲೆ, ಅಲ್ಲೇ ಟೇಬಲ್ ಬದಿಗೆ ಸರಿಸಿ ಪ್ರಾಕ್ಟೀಸ್. ಎಲ್ಲರೂ ಹೋಟೆಲಿನವರೇ ಆದ್ದರಿಂದ ಆ ಹೊತ್ತು ಎಲ್ಲರಿಗೂ ಸರಿ ಹೊಂದುತ್ತಿತ್ತು. ‘ಪಾತ್ರ ಹಂಚುವ ಮೊದಲು ಯಾರ ಡ್ಯೂಟಿ ಎಷ್ಟಕ್ಕೆ ಮುಗಿಯುತ್ತದೆ ಅಂತ ಕೇಳುತ್ತಿದ್ದೆವು ಮಾರಾಯ’ ಅನ್ನುತ್ತಿದ್ದರು. ನಾನು ಕಾಲೇಜಿಗೆ ಹೋಗಿ, 40 ಕುರ್ಚಿಯ ದುಡ್ಡು ಕಳೆದು ಕಲಿತದ್ದು ಇದನ್ನೇ.

ಸರಿ, ಪ್ರಶ್ನೆ ಇದ್ದರೆ ಕೇಳಿ. ಕಲ್ಯಾಣದಿಂದ ಆಚೆ ಹೋಗುವವರು ಯಾರಿದ್ದೀರಿ, ಕೈ ಎತ್ತಿ. ನೀವು ಮೊದಲು. ಸಯಾನ್‌ನವರು ಕಾಫಿ ಕುಡಿದು ಬನ್ನಿ.