ನೊಣದ ಲೆಕ್ಕ, ಉಸಿರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ರಕ್ತ ಹೀರುವ ವ್ಯಾಂಪೈರ್ ಕಥೆಗಳನ್ನು ಹಿಡಿದುಕೊಂಡು ಇವತ್ತು ಆತ್ಮದ ವಿಚಾರ ಮಾತಾಡೋಣ.

ನಮ್ಮ ರಾಯಚೂರು ಸೀಮೆಯ ದೆವ್ವಕ್ಕೆ ಮೈ ಇಲ್ಲ. ಅದಕ್ಕೇ ಅದು ಹುಣಸೆಮರ ಬಿಟ್ಟು ಯಾರದೋ ಮೈಮೇಲೆ ಬರುತ್ತದೆ. ಬಂದವರನ್ನು ಎದುರಿಗೆ ಕೂಡಿಸಿ, 'ಯಾರು ನೀನು, ಯಾವೂರು, ಏನು ಬೇಕು' ಅಂತ ಕೇಳುತ್ತಾರೆ. ಅಂದರೆ ಒಂದು ಮೈಯಲ್ಲಿ ಇಬ್ಬರು. ವ್ಯಾಂಪೈರ್ ಇದರ ತಿರುಗುಮುರುಗು. ಮೈ ಇದೆ, ಬುದ್ಧಿ ಇದೆ, ಹಳೆಯ ನೆನಪಿದೆ, ಹಸಿವಂತೂ ಇದ್ದೇ ಇದೆ. ಆತ್ಮ ಮಾತ್ರ ಇಲ್ಲ ಎನ್ನುತ್ತಾರೆ. ತತ್ತ್ವಶಾಸ್ತ್ರ ಓದುವವರಿಗೆ ಇದೊಂದು ಕಳೆಯುವ ಲೆಕ್ಕ. ಅಷ್ಟೆಲ್ಲ ಉಳಿದಿರುವಾಗ ಕಳೆದದ್ದಾದರೂ ಏನು?

ಮೊದಲು ಕನ್ನಡಿ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯಲ್ಲಿ ವಕೀಲ ಹಾರ್ಕರ್ ಸಣ್ಣ ಕನ್ನಡಿ ಮುಂದೆ ಗಡ್ಡ ಹೆರೆಯುತ್ತಿರುತ್ತಾನೆ. ಹೆಗಲ ಮೇಲೆ ಕೈ ಬೀಳುತ್ತದೆ, ಕಿವಿಗೆ ಮಾತು ಬೀಳುತ್ತದೆ, ಕನ್ನಡಿಯಲ್ಲಿ ಮಾತ್ರ ಹಿಂದಿನ ಕೋಣೆಯಷ್ಟೇ ಕಾಣುತ್ತದೆ. ಬೆಚ್ಚಿದವನ ಕೈ ಜಾರಿ ಮುಖ ಕೊಯ್ಯುತ್ತದೆ. ಹಿಂದೆ ನಿಂತಿದ್ದ ವ್ಯಾಂಪೈರ್ ಡ್ರಾಕುಲಾ ಆ ಕನ್ನಡಿಯನ್ನೇ ಕಿಟಕಿಯಾಚೆ ಎಸೆದುಬಿಡುತ್ತಾನೆ. ಕನ್ನಡಿಯ ಹಿಂದೆ ಬೆಳ್ಳಿ ಇರುವುದರಿಂದ ಹೀಗಾಯಿತು ಎಂಬ ವಿವರಣೆ ಆಮೇಲಿನವರು ಅಂಟಿಸಿದ್ದು, ಕಾದಂಬರಿಯಲ್ಲಿ ಇಲ್ಲ.

ಈ ಕನ್ನಡಿಯನ್ನು ನಮ್ಮ ಸೀಮೆಯ ಮಾನ್ವಿಗೆ ತಂದು ನೋಡಿ. ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ಕ್ಕೆ ಆಧಾರವಾದ ಮಧ್ವಮತದಲ್ಲಿ ಹರಿ ಬಿಂಬ, ಅಂದರೆ ಮೂಲರೂಪ; ಜೀವ, ಅಂದರೆ ಆತ್ಮ, ಅವನ ಪ್ರತಿಬಿಂಬ. ಪ್ರತಿಬಿಂಬ ಅಂದರೆ ಇಲ್ಲಿ ಸುಳ್ಳು ಅಂತಲ್ಲ, ಅವನ ಅಧೀನ, ಅವನಿಗೆ ಅಷ್ಟಿಷ್ಟು ಹೋಲಿಕೆ ಅಂತ. ಹೊಸಬರು ಎಡವುವ ಜಾಗ ಇದೇ. ಕನ್ನಡಿ ಒಡೆದರೆ ಪ್ರತಿಬಿಂಬ ಹೋಗುತ್ತದಲ್ಲ, ಹಾಗೇ ಜೀವವೂ ಹೋಗಬೇಕಲ್ಲ ಎಂದು ಕೇಳುತ್ತಾರೆ. ಅದಕ್ಕೇ ಉಪಾಧಿ, ಅಂದರೆ ಪ್ರತಿಬಿಂಬ ಮೂಡಿಸುವ ಕನ್ನಡಿಯಂಥದ್ದು, ಎರಡು ಎನ್ನುವುದು. ಹೊರಗಿನ ಉಪಾಧಿ ಒಡೆಯುವಂಥದ್ದು. ಸ್ವರೂಪೋಪಾಧಿ ಜೀವವೇ. ಕನ್ನಡಿಯೂ ತಾನೇ, ಅದರಲ್ಲಿ ಮೂಡಿದ ರೂಪವೂ ತಾನೇ, ಒಡೆಯುವ ಮಾತೇ ಇಲ್ಲ. ಹೀಗಾಗಿ ಮಾನ್ವಿಯ ಲೆಕ್ಕದಲ್ಲಿ ಡ್ರಾಕುಲಾ ಆತ್ಮ ಕಳಕೊಂಡವನಲ್ಲ. ಅವನ ಕೇಡಿಗೆ ಬೇರೆ ಉತ್ತರ ಉಂಟು: ಮುಕ್ತಿಯೋಗ್ಯರು, ಹುಟ್ಟುಸಾವಿನಲ್ಲೇ ಸುತ್ತುವ ನಿತ್ಯಸಂಸಾರಿಗಳು, ಕತ್ತಲ ನರಕಕ್ಕೇ ತಕ್ಕ ತಮೋಯೋಗ್ಯರು ಎಂದು ಜೀವರಲ್ಲೇ ಮೂರು ತರ. ಕೊನೆಯವರಿಗೆ ಕೆಡುಕು ಹೊರಗಿನಿಂದ ತಗುಲಿದ್ದಲ್ಲ, ಸ್ವಭಾವವೇ ಅದು. ಇದು ವ್ಯಾಂಪೈರ್‌ಗಿಂತ ಹೆದರಿಕೆಯ ಮಾತು ಅನ್ನಿಸಿದರೆ ನಿಮ್ಮ ತಪ್ಪೇನಿಲ್ಲ.

ಸ್ಟೋಕರ್ ಇಷ್ಟು ಕಠೋರನಲ್ಲ. ಅವನ ಕಾದಂಬರಿಯಲ್ಲಿ ವ್ಯಾಂಪೈರ್ ಆಗಿಹೋದ ಲೂಸಿ ಎಂಬ ಹುಡುಗಿಯ ಎದೆಗೆ ಗೂಟ ಹೊಡೆದ ಮೇಲೆ ಅವಳ ಮೊದಲಿನ ಮುಖ ಮರಳುತ್ತದೆ. ಆತ್ಮ ಹೋಗಿರಲಿಲ್ಲ, ಸೆರೆಯಲ್ಲಿತ್ತು. ಹೋಗಿದೆ, ಸೆರೆಯಲ್ಲಿದೆ, ಇರುವುದೇ ಹಾಗೆ: ಈ ಮೂರನ್ನೂ 'ಆತ್ಮವಿಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಓದು ಹಳ್ಳ ಹಿಡಿಯುತ್ತದೆ.

ಆದರೆ ಆ ಕಾದಂಬರಿಯ ನಿಜವಾದ ತತ್ತ್ವಜ್ಞಾನಿ ಡ್ರಾಕುಲಾನೂ ಅಲ್ಲ, ಅವನನ್ನು ಬೇಟೆಯಾಡುವ ಪ್ರೊಫೆಸರೂ ಅಲ್ಲ. ಹುಚ್ಚಾಸ್ಪತ್ರೆಯ ರೋಗಿ ರೆನ್‌ಫೀಲ್ಡ್. ಅವನು ಸಕ್ಕರೆ ಚೆಲ್ಲಿ ನೊಣ ಕೂಡಿಹಾಕುತ್ತಾನೆ, ನೊಣ ಕೊಟ್ಟು ಜೇಡ ಸಾಕುತ್ತಾನೆ, ಜೇಡ ಕೊಟ್ಟು ಗುಬ್ಬಿ ಸಾಕುತ್ತಾನೆ. ಆಮೇಲೆ ಬೆಕ್ಕಿನ ಮರಿ ಬೇಕೆನ್ನುತ್ತಾನೆ. ಕೊಡದಿದ್ದಾಗ ಗುಬ್ಬಿಗಳನ್ನು ತಾನೇ ಹಸಿಹಸಿ ತಿನ್ನುತ್ತಾನೆ. ಕೈಯಲ್ಲೊಂದು ಪುಟ್ಟ ಪುಸ್ತಕ. ಅದರ ತುಂಬ ಅಂಕಿಗಳ ಸಾಲು, ಸಾಲಿನ ಮೊತ್ತ, ಮೊತ್ತಗಳದ್ದೇ ಇನ್ನೊಂದು ಮೊತ್ತ. ಗಂಜಿನ ಅಡತಿ ಅಂಗಡಿಯ ಖಾತೆವಹಿ ನೋಡಿದವರಿಗೆ ಇದು ಹೊಸದಲ್ಲ. ಡಾಕ್ಟರ್ ಆತ್ಮದ ಮಾತೆತ್ತಿದೊಡನೆ ಅವನು ಕಂಗಾಲಾಗುತ್ತಾನೆ. ತನಗೆ ಪ್ರಾಣ ಸಾಕು, ಆತ್ಮ ಬೇಡವೇ ಬೇಡ ಎನ್ನುತ್ತಾನೆ. ಆತ್ಮ ಬಿಟ್ಟು ಪ್ರಾಣ ಒಂದನ್ನೇ ತೆಗೆದುಕೊಳ್ಳುವುದು ಹೇಗಪ್ಪಾ ಎಂದು ಡಾಕ್ಟರ್ ಕೇಳಿದರೆ ತಬ್ಬಿಬ್ಬು.

ಕನ್ನಡಕ್ಕೆ ತರುವವರು ಇಲ್ಲಿ ಜೋಪಾನ. ಆಡುಮಾತಿನಲ್ಲಿ 'ಜೀವ ಹೋಯಿತು' ಅಂದರೂ 'ಪ್ರಾಣ ಹೋಯಿತು' ಅಂದರೂ ಒಂದೇ. ರೆನ್‌ಫೀಲ್ಡ್ ಬಾಯಲ್ಲಿ 'ಜೀವ ಬೇಕು' ಅನ್ನಿಸಿದಿರೋ, ಪ್ರಸಂಗ ಸತ್ತಂತೆ. ದಾಸರ ಮಾತಿನಲ್ಲಿ ಜೀವವೆಂದರೆ ಅವನಿಗೆ ಬೇಡವಾದ ಆತ್ಮವೇ.

ಅವನ ವಹಿಯ ಪಕ್ಕ 'ಹರಿಕಥಾಮೃತಸಾರ'ದ ಶ್ವಾಸಸಂಧಿ ಎಂಬ ಅಧ್ಯಾಯ ಇಡಬೇಕು. ಅಲ್ಲಿಯೂ ಲೆಕ್ಕವೇ: ಹಗಲು ರಾತ್ರಿ ಸೇರಿ 21,600 ಉಸಿರು. ಗಂಟೆಗೆ 900, ನಿಮಿಷಕ್ಕೆ 15. ಪ್ರತಿ ಉಸಿರೂ ಒಂದು ಹಂಸಮಂತ್ರ, ಜಪಿಸುವವನು ಮಾತ್ರ ನಾವಲ್ಲ, ಒಳಗಿರುವ ಮುಖ್ಯಪ್ರಾಣ, ವಾಯು. ನಾವು ಮಲಗಿದಾಗಲೂ ಲೆಕ್ಕ ನಿಲ್ಲದು. ಉಸಿರು ನನ್ನ ಸೊತ್ತೇ ಅಲ್ಲವೆಂದ ಮೇಲೆ ಇನ್ನೊಬ್ಬ ಅದನ್ನು ಕಸಿದು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಹೇಗೆ? ಕುಡಿದ ರಕ್ತ ಹೊಟ್ಟೆಗೆ ಹೋದೀತು, ಮೊತ್ತ ಏರದು. ವ್ಯಾಂಪೈರ್ ಹಸಿವು ಇಂಗದಿರುವುದಕ್ಕೆ ಇದಕ್ಕಿಂತ ಒಪ್ಪುವ ಕಾರಣ ಯಾವ ವ್ಯಾಂಪೈರ್ ಕಥೆಯಲ್ಲೂ ಸಿಗಲಿಕ್ಕಿಲ್ಲ.

ಇಂಥ ಕಥೆ ಬರೆಯಲು ಹೊರಟವರು ಒಂದು ಹಾಳೆಯಲ್ಲಿ ಉಸಿರು, ನೆನಪು, ಪಶ್ಚಾತ್ತಾಪ, ಪ್ರತಿಬಿಂಬ ಎಂದು ಬರೆದು, ನಿಮ್ಮ ಪಾತ್ರದಿಂದ ಯಾವುದು ಹೋಗಿದೆಯೋ ಅದರ ಮೇಲೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಕೆಡುವುದು ಮೂರನೆಯದರಲ್ಲಿ. ಆತ್ಮ ಹೋಯಿತು ಎಂದು ಮೊದಲ ಪುಟದಲ್ಲಿ ಹೇಳಿ, ಹತ್ತನೆಯ ಪುಟದಲ್ಲಿ ಅವನನ್ನು ಅಳಿಸುತ್ತಾರೆ. ಅಳುವವನು ಯಾರು? ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಹೇಳಿದ್ದ: ಹಿಂದೆ ಮಾಡಿದ್ದು ತಾನೇ ಎಂಬ ಅರಿವು ಎಲ್ಲಿದೆಯೋ ವ್ಯಕ್ತಿ ಅಲ್ಲಿದ್ದಾನೆ. ಅವನ ಪ್ರಕಾರ ನೆನಪು ಉಳಿಸಿಕೊಂಡ ವ್ಯಾಂಪೈರ್ ಹಳೆಯ ಮನುಷ್ಯನೇ, ಹಳೆಯ ಸಾಲವೂ ಅವನದೇ. ನಮ್ಮ ಬೇತಾಳ ಹೇಳಿದ ಕಥೆಗಳಲ್ಲಿ ತಲೆ ಅದಲುಬದಲಾದ ಕಥೆಗೂ ವಿಕ್ರಮ ಹೆಚ್ಚುಕಡಿಮೆ ಹೀಗೇ ತೀರ್ಪು ಕೊಟ್ಟ: ಗಂಡನ ತಲೆ ಯಾವ ಮೈಮೇಲಿದೆಯೋ ಅವನೇ ಗಂಡ. ಉತ್ತರ ಸರಿ ಬಂತು, ಬೇತಾಳ ಹಾರಿ ಮತ್ತೆ ಮರಕ್ಕೇ ತೂಗುಬಿತ್ತು.

ಸ್ಟೋಕರ್ ಕೂಡ ತನ್ನ ಲೆಕ್ಕವನ್ನು ಪೂರ್ತಿ ಮುಟ್ಟಿಸಲಿಲ್ಲ. ಕೊನೆಯಲ್ಲಿ ಡ್ರಾಕುಲಾನ ಮೈ ಪುಡಿಯಾಗುವ ಗಳಿಗೆಯಲ್ಲಿ ಆ ಮುಖದ ಮೇಲೆ ನೆಮ್ಮದಿ ಕಂಡಿತೆಂದು ಹಾರ್ಕರನ ಹೆಂಡತಿ ಮೀನಾ ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತಾಳೆ. ಅಂಥ ನೆಮ್ಮದಿ ಅಲ್ಲಿ ಇದ್ದೀತೆಂದು ತಾನು ಎಣಿಸಿರಲೇ ಇಲ್ಲ ಎಂದೂ ಸೇರಿಸುತ್ತಾಳೆ. ನಮಸ್ಕಾರ.