ಗೊತ್ತಾಗದೇ ಇದ್ದದ್ದು ಹೇಗೆ? ‘ಬ್ರಾಡ್‌ಚರ್ಚ್’ ಧಾರಾವಾಹಿಯ ಬಗ್ಗೆ ಕೆಲವು ಮಾತು

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ: ಕೊಲೆಗಾರ ಯಾರು ಅನ್ನುವುದು ಈ ಮಾತಿನ ನಡುವೆ ಬಂದೇ ಬರುತ್ತದೆ. ಅದನ್ನು ಬಚ್ಚಿಟ್ಟುಕೊಂಡು ‘ಬ್ರಾಡ್‌ಚರ್ಚ್’ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ. ಇನ್ನೂ ನೋಡದೆ ಇರುವವರು ಈಗಲೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

2013ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಶುರುವಾದ ಧಾರಾವಾಹಿ ಇದು. ಮೊದಲ ಸರಣಿಗೆ 8 ಕಂತು. ಬರೆದವರು ಕ್ರಿಸ್ ಚಿಬ್ನಾಲ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಮನೆ ಮಾಡಿಕೊಂಡಿದ್ದವರು. ತಾವು ಓಡಾಡಿದ ಕಡಲತೀರವನ್ನೇ ಕಥೆಗೆ ತಂದರು. ಬ್ರಾಡ್‌ಚರ್ಚ್ ಕಲ್ಪನೆಯ ಊರು, ಆದರೆ ತೆರೆಯ ಮೇಲೆ ಕಾಣುವ ಆ ಕಡಿದಾದ ಹಳದಿ ಬಂಡೆ ನಿಜವಾದದ್ದು, ವೆಸ್ಟ್ ಬೇ ಎಂಬಲ್ಲಿದೆ. ಅದರ ಬುಡದಲ್ಲಿ ಒಂದು ಬೆಳಗ್ಗೆ 11 ವರ್ಷದ ಡ್ಯಾನಿ ಲ್ಯಾಟಿಮರ್‌ನ ಹೆಣ ಸಿಗುತ್ತದೆ.

ಸುದ್ದಿ ಊರಿಗೆ ತಿಳಿಯುವ ಮೊದಲು ಒಂದು ದೃಶ್ಯವಿದೆ. ಡ್ಯಾನಿಯ ಅಪ್ಪ ಮಾರ್ಕ್, ಕಸುಬಿನಲ್ಲಿ ಪ್ಲಂಬರ್, ಪೇಟೆಬೀದಿಯಲ್ಲಿ ಕೆಲಸಕ್ಕೆ ಹೊರಟಿದ್ದಾನೆ. ಎದುರು ಸಿಕ್ಕವರಿಗೆಲ್ಲ ಒಂದು ಮಾತು, ಒಂದು ನಗು. ಕ್ಯಾಮೆರಾ ಎಲ್ಲೂ ಕತ್ತರಿಸದೆ ಅವನ ಜೊತೆಗೇ ನಡೆಯುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತು ಅನ್ನುವ ಊರು. ಮುಂದಿನ ಕಂತುಗಳಲ್ಲಿ ಪೊಲೀಸರು ಅನುಮಾನದಿಂದ ನೋಡುವುದು ಇಂಥ ಪರಿಚಯದ ಮುಖಗಳನ್ನೇ. ಅಮೆರಿಕದವರು 2014ರಲ್ಲಿ ಇದೇ ಕಥೆಯನ್ನು ‘ಗ್ರೇಸ್‌ಪಾಯಿಂಟ್’ ಎಂದು ಮತ್ತೆ ತೆಗೆದರು, ಅದೇ ನಾಯಕನಟ ಡೇವಿಡ್ ಟೆನಂಟ್‌ನನ್ನೇ ಕರೆಸಿಕೊಂಡರು. ಒಂದೇ ಸರಣಿಗೆ ನಿಂತುಹೋಯಿತು. ನನ್ನ ಲೆಕ್ಕದಲ್ಲಿ ಅವರಿಗೆ ಕಥೆ ಸಿಕ್ಕಿತು, ಊರು ಸಿಗಲಿಲ್ಲ.

ಈಗ ವಿಷಯಕ್ಕೆ ಬರೋಣ. ಇಂಥ ಧಾರಾವಾಹಿಗಳಲ್ಲಿ ನಾವು ಒಂದು ಗುಟ್ಟಿಗಾಗಿ ಕಾಯುತ್ತ ಕೂರುತ್ತೇವೆ. ಆದರೆ ತನಿಖೆ ಅನ್ನುವುದು ತನಗೆ ಬೇಕಾದ ಒಂದೇ ಗುಟ್ಟನ್ನು ಹೆಕ್ಕಿಕೊಂಡು ಸುಮ್ಮನಾಗುವುದಿಲ್ಲ. ಆ ರಾತ್ರಿ ಎಲ್ಲಿದ್ದೆ ಎಂದು ಕೇಳಿದರೆ ಮಾರ್ಕ್ ಸುಳ್ಳು ಹೇಳುತ್ತಾನೆ, ಯಾಕೆಂದರೆ ಅವನಿದ್ದದ್ದು ಹೋಟೆಲಿನ ಒಡತಿ ಬೆಕ್ಕಾ ಜೊತೆ. ಅದಕ್ಕೂ ಕೊಲೆಗೂ ಸಂಬಂಧವಿಲ್ಲ. ಆದರೂ ಮಗನನ್ನು ಕಳೆದುಕೊಂಡ ವಾರದಲ್ಲೇ ಹೆಂಡತಿ ಬೆತ್‌ಗೆ ಅದು ಗೊತ್ತಾಗಬೇಕು. ಮಗಳು ಕ್ಲೋಯಿಗೆ ಅಪ್ಪ ಅಮ್ಮನಿಗೆ ಹೇಳದ ಹುಡುಗನೊಬ್ಬನಿದ್ದಾನೆ, ಅದೂ ಹೊರಗೆ ಬರುತ್ತದೆ. ಸತ್ತ ಹುಡುಗನ ಕೋಣೆಯಲ್ಲಿ 500 ಪೌಂಡ್ ನಗದು ಸಿಗುತ್ತದೆ, ಅವನೂ ಏನನ್ನೋ ಮುಚ್ಚಿಟ್ಟಿದ್ದ.

ಜ್ಯಾಕ್ ಮಾರ್ಷಲ್‌ನ ಕಥೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪತ್ರಿಕೆ ಮಾರುವ ಅಂಗಡಿಯ ಮುದುಕ. ಡ್ಯಾನಿ ಬೆಳಗ್ಗೆ ಮನೆಮನೆಗೆ ಪೇಪರ್ ಹಾಕುತ್ತಿದ್ದದ್ದು ಇವನ ಅಂಗಡಿಯಿಂದಲೇ. ಇವನಿಗೆ ಹಿಂದೊಮ್ಮೆ ಜೈಲಾಗಿತ್ತು ಎಂದು ಪತ್ರಿಕೆಗಳು ಅಗೆದು ತೆಗೆಯುತ್ತವೆ: ಇನ್ನೂ 16 ತುಂಬದ ಹುಡುಗಿಯೊಂದಿಗೆ ಸಂಬಂಧ. ಶಿಕ್ಷೆ ಮುಗಿಸಿ ಬಂದು ಅವಳನ್ನೇ ಮದುವೆಯಾದ, ಒಬ್ಬ ಮಗನಿದ್ದ, ಚಿಕ್ಕ ವಯಸ್ಸಿಗೇ ಅಪಘಾತದಲ್ಲಿ ಹೋದ. ಈ ಉಳಿದರ್ಧವನ್ನು ಕೇಳುವ ವ್ಯವಧಾನ ಊರಿಗಿಲ್ಲ. ಜನ ಬಾಗಿಲಿಗೆ ಬರುತ್ತಾರೆ. ಕೊನೆಗೆ ಅದೇ ಬಂಡೆಯ ಕೆಳಗೆ ಅವನ ಹೆಣವೂ ಸಿಗುತ್ತದೆ. ಡೇವಿಡ್ ಬ್ರ್ಯಾಡ್ಲಿ ಈ ಪಾತ್ರಕ್ಕೆ 2014ರಲ್ಲಿ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಪಡೆದರು. ಅವರು ಎಲ್ಲೂ ಕರುಣೆ ಬೇಡುವುದಿಲ್ಲ, ಸಿಡುಕುತ್ತಾರೆ. ಅದಕ್ಕೇ ನಮಗೂ ಅವನ ಮೇಲೆ ಅನುಮಾನ ಹುಟ್ಟುತ್ತದೆ. ಸೋಫಾದ ಮೇಲೆ ಕೂತ ನಾವು ಬಾಗಿಲಿಗೆ ಬಂದ ಆ ಜನರ ಗುಂಪಿನಲ್ಲೇ ಸೇರಿಹೋಗಿರುತ್ತೇವೆ.

ತನಿಖೆ ಮಾಡುವವರು ಇಬ್ಬರು. ಹೊರಗಿನಿಂದ ಬಂದ ಇನ್‌ಸ್ಪೆಕ್ಟರ್ ಅಲೆಕ್ ಹಾರ್ಡಿ, ಮತ್ತು ಆ ಹುದ್ದೆ ತನಗೇ ಸಿಗುತ್ತದೆ ಎಂದುಕೊಂಡಿದ್ದ ಊರಿನವಳು ಎಲಿ ಮಿಲ್ಲರ್. ಎಲಿಯಾಗಿ ಒಲಿವಿಯಾ ಕೋಲ್ಮನ್. ಎಲಿಯ ಮಗ ಟಾಮ್ ಸತ್ತ ಡ್ಯಾನಿಯ ಗೆಳೆಯ. ಏಳನೇ ಕಂತಿನಲ್ಲಿ ಸೂಸನ್ ರೈಟ್ ಎಂಬ ಒಂಟಿ ಹೆಂಗಸಿನ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ಅವಳ ಗಂಡ ಹೆತ್ತ ಹೆಣ್ಣುಮಕ್ಕಳನ್ನೇ ಹಾಳುಮಾಡಿದವನು. ಎಲಿಗೆ ತಡೆಯಲಾಗುವುದಿಲ್ಲ: ನಿನ್ನ ಮನೆಯೊಳಗೇ ನಡೆಯುತ್ತಿದ್ದದ್ದು ನಿನಗೆ ಗೊತ್ತಾಗದೇ ಇದ್ದದ್ದು ಹೇಗೆ?

ಎಂಟನೇ ಕಂತಿನಲ್ಲಿ ಉತ್ತರ ಎಲಿಯ ಮನೆಯಲ್ಲೇ ಸಿಗುತ್ತದೆ. ಕೊಲೆ ಮಾಡಿದವನು ಅವಳ ಗಂಡ ಜೋ. ಹೆಂಡತಿ ಡ್ಯೂಟಿಗೆ ಹೋದರೆ ಕೂಸನ್ನು ನೋಡಿಕೊಂಡು ಮನೆಯಲ್ಲಿರುವ, ನಾವು ಕಂತು ಕಂತಿಗೂ ಮೆಚ್ಚಿಕೊಂಡ ಸಾಧು ಗಂಡ. ಡ್ಯಾನಿಗೆ ಆ ಹಣ ಕೊಟ್ಟವನೂ ಅವನೇ. ಪೊಲೀಸರು ಟಾಮ್‌ನನ್ನು ವಿಚಾರಿಸಿದಾಗ ಹುಡುಗನ ಪಕ್ಕದಲ್ಲಿ ಪೋಷಕನಾಗಿ ಕೂತಿದ್ದವನೂ ಅವನೇ. ಹಾರ್ಡಿ ತನ್ನ ಸಹಾಯಕಿಯನ್ನು ಮೊದಲಿನಿಂದಲೂ ‘ಮಿಲ್ಲರ್’ ಎಂದೇ ಕೂಗುತ್ತಿದ್ದ. ಅದು ಗಂಡನ ಮನೆಯ ಹೆಸರು. ಎಂಟು ಕಂತಿನುದ್ದಕ್ಕೂ ಕೊಲೆಗಾರನ ಹೆಸರು ನಮ್ಮ ಕಿವಿಗೆ ಬೀಳುತ್ತಲೇ ಇತ್ತು, ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಬೆತ್ ಬಂದು ಎಲಿಗೆ ಕೇಳುವುದು ಅದೇ ಪ್ರಶ್ನೆ, ಸೂಸನ್‌ಗೆ ಎಲಿ ಕೇಳಿದ್ದು. ಎಲಿಯ ಹತ್ತಿರ ಉತ್ತರವಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆ ಆಗಬಹುದು. ಮನೆಯ ಮಾತು ಹೊಸಿಲು ದಾಟಬಾರದು ಎಂದು ಬೆಳೆದ ನಮಗೆ ಇದು ಬೇಕಿತ್ತು. ಆದರೆ ಕಾನೂನು ಹಿಡಿಯುವುದು ಗೊತ್ತಿದ್ದೂ ಸುಮ್ಮನಿದ್ದವರನ್ನು. ಗೊತ್ತೇ ಆಗದವರ ವಿಚಾರಣೆ ನಡೆಸುವುದು ಅಕ್ಕಪಕ್ಕದ ಮನೆಯವರು, ನೆಂಟರು, ಸಂತೆಯಲ್ಲಿ ಸಿಕ್ಕವರು. ಅದೂ ಹೆಚ್ಚಾಗಿ ಹೆಂಡತಿಯನ್ನು, ತಾಯಿಯನ್ನು.

ಹಾರ್ಡಿಯದೂ ಒಂದು ಗುಟ್ಟಿದೆ. ಹಿಂದಿನ ಊರಿನ ಪ್ರಕರಣವೊಂದನ್ನು ಅವನೇ ಕೆಡಿಸಿದ ಎಂದು ಪತ್ರಿಕೆಗಳು ಆಡಿಕೊಂಡಿದ್ದವು. ನಿಜದಲ್ಲಿ ಮುಖ್ಯ ಸಾಕ್ಷ್ಯವಾದ ಕೊರಳಿನ ಪದಕ ಕಳುವಾದದ್ದು ಅವನ ಹೆಂಡತಿಯ ಕಾರಿನಿಂದ. ಅವಳೂ ಪೊಲೀಸ್, ಆ ಹೊತ್ತಿಗೆ ಬೇರೊಬ್ಬನ ಜೊತೆ ಹೋಟೆಲಿನಲ್ಲಿದ್ದಳು. ಮಗಳಿಗೆ ಅಮ್ಮನ ವಿಷಯ ಗೊತ್ತಾಗಬಾರದೆಂದು ಹಾರ್ಡಿ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡ. ಊರವರ ಗುಟ್ಟನ್ನೆಲ್ಲ ಬಗೆಯುವವನು ಒಂದನ್ನು ಮಾತ್ರ ಎದೆಯಲ್ಲಿ ಹೂತಿಟ್ಟುಕೊಂಡಿದ್ದಾನೆ. ಇದು ಸರಿಯೇ? ನನಗಂತೂ ಅವನನ್ನು ಬೈಯಲು ಮನಸ್ಸು ಬರುವುದಿಲ್ಲ.

2015ರ ಎರಡನೇ ಸರಣಿ ಬರವಣಿಗೆಯಲ್ಲಿ ಸಡಿಲ. ಕೋರ್ಟಿನ ದೃಶ್ಯಗಳು ವಕೀಲರಿಗೆ ನಗು ತರಿಸುವಂತಿವೆ. ಆದರೂ ಬಿಡಬೇಡಿ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದ ಜೋ, ನ್ಯಾಯಾಲಯದಲ್ಲಿ ನಾನು ತಪ್ಪಿತಸ್ಥನಲ್ಲ ಎನ್ನುತ್ತಾನೆ. ಬಂಧನದಲ್ಲಿದ್ದಾಗ ಎಲಿ ಅವನ ಮೇಲೆ ಕೈಮಾಡಿದ್ದಳು, ಆ ಕಾರಣಕ್ಕೆ ತಪ್ಪೊಪ್ಪಿಗೆಯೇ ಬಿದ್ದುಹೋಗುತ್ತದೆ. ಜ್ಯೂರಿ ಅವನನ್ನು ಬಿಟ್ಟುಬಿಡುತ್ತದೆ. ಕಾನೂನಿನ ಕಾಗದದ ಮೇಲೆ ಡ್ಯಾನಿಯನ್ನು ಕೊಂದವರು ಯಾರೂ ಇಲ್ಲ, ಊರಿನಲ್ಲಿ ಮಾತ್ರ ಅದು ಗೊತ್ತಿಲ್ಲದವರು ಯಾರೂ ಇಲ್ಲ. ಕೊನೆಗೆ ಊರವರೇ ಸೇರಿ, ಕೊಲ್ಲದೆ, ಹೊಡೆಯದೆ, ಇನ್ನು ಈ ಕಡೆ ಕಾಲಿಡಬೇಡ ಎಂದು ಅವನನ್ನು ಊರು ಬಿಡಿಸುತ್ತಾರೆ.

ಅದು ನ್ಯಾಯವೋ ಬಹಿಷ್ಕಾರವೋ ಎಂಬ ಬಗ್ಗೆ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು. ನನ್ನ ಸಮಯ ಮುಗಿಯಿತು, ಈಗ ನೀವು ಮಾತಾಡಿ.